ಹೆತ್ತವಳನ್ನು ಕೇಳುವ ವೈದ್ಯೆ

ಅಪರೂಪದ ಆನುವಂಶಿಕ ಕಾಯಿಲೆಗಳ ಚಿಕಿತ್ಸೆಯೆಂದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಕೆಲಸವೆಂದು ಎಲ್ಲರೂ ಒಪ್ಪಿಕೊಂಡು ಕುಳಿತಿದ್ದ ಕಾಲದಲ್ಲಿ, ಚಳ್ಳಕೆರೆಯ ಆಸ್ಪತ್ರೆಯೊಂದರ ಹಿಂಬದಿಯ ಕೋಣೆಯಲ್ಲಿ ಅದಕ್ಕೆಂದೇ ಗುರುವಾರದ ವಿಭಾಗವನ್ನು ತೆರೆದವರು ಮಾನ್ಯ ಡಾ. ಜ್ಯೋತಿಲಕ್ಷ್ಮಿಯವರು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕಾಯಿಲೆಯ ಮಗುವನ್ನು ಎತ್ತಿಕೊಂಡು ಗುಡಿಯಿಂದ ಗುಡಿಗೆ ಅಲೆಯುತ್ತಿದ್ದ ಎಷ್ಟೋ ತಾಯಂದಿರಿಗೆ, ಇದಕ್ಕೊಂದು ಹೆಸರಿದೆ ಎಂದು ಮೊದಲು ಹೇಳಿದವರು ಅವರೇ. ಅಂಥವರು ಈಗ ನಿವೃತ್ತರಾಗಿದ್ದಾರೆ. ಹೊಗಳಿದರೆ ಮುಖ ಗಂಟಿಕ್ಕುವ ಈ ಹಿರಿಯರು ಅಭಿನಂದನ ಗ್ರಂಥಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಸ್ವಪ್ನ ಎಂಬ ಹೆಣ್ಣುಮಗಳ ಕಥೆ ಅದರಲ್ಲಿರಬೇಕು, ಮರೆಮಾಚದೆ ಇರಬೇಕು. ಅವರ ಮಾತಿಗೆ ತಲೆಬಾಗಿ ಇದನ್ನು ಬರೆಯಲಾಗಿದೆ.

ಶೇಂಗಾ ವ್ಯಾಪಾರದ ಮನೆತನದಲ್ಲಿ ಹುಟ್ಟಿ, ಮಕ್ಕಳ ವೈದ್ಯೆಯಾಗಿ, ಈ ಕಾಯಿಲೆಗಳಲ್ಲೇ ವಿಶೇಷ ತರಬೇತಿ ಪಡೆದು ಹುಟ್ಟೂರಿಗೆ ಮರಳಿದ ಮೇಡಂ ಬಳಿಗೆ ಆರಂಭದ ದಿನಗಳಲ್ಲೇ ಬಂದವನು ನನ್ನಿವಾಳದ ಕುರಿಗಾಹಿ ಯತ್ತಪ್ಪನವರ ಮಗ ನಾಗಭೂಷಣ. ಕೈ ನಡುಗಿ ಅಕ್ಷರ ಮೂಡದು, ಮಾತು ತೊದಲು. ಶಾಲೆಯಲ್ಲಿ ಸೋಮಾರಿಯೆಂಬ ಬಿರುದು ಬೇರೆ. ಅವನ ಕಣ್ಣಿನ ಕರಿಗುಡ್ಡೆಯ ಅಂಚಿನ ಕಂದು ಉಂಗುರವನ್ನು ಕಂಡು ಮೇಡಂ ಅದು ವಿಲ್ಸನ್ ಕಾಯಿಲೆಯಿರಬೇಕೆಂದು ಶಂಕಿಸಿದರು; ಪರೀಕ್ಷೆಯೂ ಅದನ್ನೇ ಹೇಳಿತು. ಊಟದಲ್ಲಿ ಸೇರುವ ತಾಮ್ರವನ್ನು ದೇಹ ಹೊರಹಾಕಲಾರದೆ ಯಕೃತ್ತಿನಲ್ಲೂ ಮಿದುಳಿನಲ್ಲೂ ತುಂಬಿಕೊಳ್ಳುವ, ಬೇಗ ಗುರುತಿಸಿದರೆ ಮಾತ್ರೆಯಿಂದಲೇ ಹತೋಟಿಗೆ ಬರುವ ಕಾಯಿಲೆಯದು. ಮಾತ್ರೆ ಊರಿನಲ್ಲಿ ಸಿಗುತ್ತಿರಲಿಲ್ಲ. ಬಳ್ಳಾರಿ ಬಸ್ಸಿನ ಕಂಡಕ್ಟರ್ ಓಬಳೇಶ್ ಬೆಂಗಳೂರಿನಿಂದ ತಂದುಕೊಡುವರು, ಮೇಡಂ ನಿಲ್ದಾಣದಲ್ಲಿ ಕಾದು ನಿಂತು ಇಸಿದುಕೊಳ್ಳುವರು. ತಾಮ್ರದ ಅಂಶ ಹೆಚ್ಚೆಂದು ಹುಡುಗನಿಗೆ ಶೇಂಗಾ ನಿಷಿದ್ಧವಾಯಿತು. ನಮ್ಮ ಸೀಮೆಯ ಹುಡುಗನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಉಂಟೆ? ಅವನ ಸಂಕಟ ನೋಡಲಾರದೆ, ಗುರುವಾರ ವಿಭಾಗದಲ್ಲಿ ಯಾರೂ ಶೇಂಗಾ ಬಾಯಿಗೆ ಹಾಕಕೂಡದೆಂದು ಮೇಡಂ ಅಪ್ಪಣೆ ಮಾಡಿದರು. ಶೇಂಗಾ ಮಂಡಿಯವರ ಮಗಳೇ ಹೀಗೆಂದರೆ ವ್ಯಾಪಾರ ಉಳಿದಂತೆಯೇ ಎಂದು ನರ್ಸ್ ತಿಪ್ಪೇರುದ್ರಮ್ಮನವರು ಇಂದಿಗೂ ಛೇಡಿಸುವುದುಂಟು. ವರ್ಷ ತುಂಬುವಷ್ಟರಲ್ಲಿ ಹುಡುಗ ಮತ್ತೆ ಪೆನ್ನು ಹಿಡಿದ.

ಈ ಕಾಯಿಲೆ ಒಬ್ಬರಲ್ಲಿ ಕಂಡರೆ ಒಡಹುಟ್ಟಿದವರನ್ನೆಲ್ಲ ಪರೀಕ್ಷಿಸಬೇಕು. ಮೇಡಂ ಅದನ್ನು ಮರೆತವರಲ್ಲ. ಬೇರೆ ಮಕ್ಕಳಿದ್ದಾರೆಯೇ ಎಂದು ಯತ್ತಪ್ಪನವರನ್ನು ಮೊದಲ ದಿನಗಳಲ್ಲೇ ಕೇಳಿದ್ದರು. ಇನ್ನೊಬ್ಬ ಮಗ ರಾಮಾಂಜನೇಯ ಇದ್ದಾನೆಂದು ಹೇಳಿ, ಮುಂದಿನ ಗುರುವಾರವೇ ಅವನನ್ನೂ ಕರೆತಂದರು. ಅವನಲ್ಲಿ ಕಾಯಿಲೆ ಇರಲಿಲ್ಲ. ಯತ್ತಪ್ಪನವರು ಏನನ್ನೂ ಬಚ್ಚಿಡಬೇಕೆಂದು ಹೊರಟವರಲ್ಲ. ಹಿರಿಯ ಮಗಳು ಸ್ವಪ್ನಳನ್ನು ಆಗಷ್ಟೇ ಕೊಂಡ್ಲಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಕೊಟ್ಟ ಹೆಣ್ಣನ್ನು ತಮ್ಮ ಮನೆಯ ಮಕ್ಕಳೊಡನೆ ಸೇರಿಸಿ ಹೇಳುವ ರೂಢಿ ಅವರಲ್ಲಿರಲಿಲ್ಲ. ಬಾಗಿಲ ಬಳಿ ನೆಲದ ಮೇಲೆ ಕುಳಿತಿದ್ದ ಹೆಂಡತಿ ಪಾತಮ್ಮನವರು ಗಂಡ ಮಾತಾಡುವಾಗ ನಡುವೆ ಬಾಯಿ ಹಾಕಲಿಲ್ಲ. ವೈದ್ಯೆಯೂ, ತಾವೊಬ್ಬ ಹೆಣ್ಣಾಗಿಯೂ, ಆ ಕಡೆ ತಿರುಗಲಿಲ್ಲ.

ಎರಡು ವರ್ಷದ ಮೇಲೆ ಕೊಂಡ್ಲಹಳ್ಳಿಯಿಂದ ಮೈಯೆಲ್ಲ ಹಳದಿಯಾಗಿ ಹೊಟ್ಟೆ ಉಬ್ಬಿದ್ದ ಯುವತಿಯೊಬ್ಬಳನ್ನು ಹೊತ್ತು ತಂದರು. ಕಾಮಾಲೆಯೆಂದು ಅಲ್ಲಿಯವರೆಗೆ ಸೊಪ್ಪಿನ ಔಷಧಿ ಕೊಡಿಸಿದ್ದರಂತೆ. ಕಣ್ಣಿಗೆ ಬೆಳಕು ಹಿಡಿದ ಮೇಡಂಗೆ ಅದೇ ಕಂದು ಉಂಗುರ ಕಂಡಿತು. ತಲೆಯೆತ್ತಿದರೆ ಮಂಚದ ಆಚೆ ಪಾತಮ್ಮ ನಿಂತಿದ್ದರು. ಮಗಳೊಬ್ಬಳಿದ್ದಾಳೆಂದು ಅಂದೇ ಏಕೆ ಹೇಳಲಿಲ್ಲ ಎಂದು ಮೇಡಂ ಕೇಳಿದರು.

‘ನೀವು ನನ್ನ ಕೇಳ್ಲಿಲ್ಲ ಡಾಕ್ಟ್ರಮ್ಮ. ನಾನು ಇಲ್ಲೇ ಕುಂತಿದ್ದೆ.’

ಯಕೃತ್ತು ಆಗಲೇ ಕೈಕೊಟ್ಟಿತ್ತು. ಬೆಂಗಳೂರಿನವರೆಗೂ ಆಂಬುಲೆನ್ಸಿನಲ್ಲಿ ಮೇಡಂ ತಾವೇ ಜೊತೆಗೆ ಹೋದರು, ದೊಡ್ಡ ವೈದ್ಯರೆದುರು ಕೈಮುಗಿದರು. ಸ್ವಪ್ನ ಉಳಿಯಲಿಲ್ಲ. ತಮ್ಮನನ್ನು ಉಳಿಸಿದ ಮಾತ್ರೆಯೇ ಅಕ್ಕನನ್ನೂ ಉಳಿಸುತ್ತಿತ್ತು. ಮೇಡಂಗೆ ಸಂದ ಪ್ರಶಸ್ತಿಗಳನ್ನು ಇಲ್ಲಿ ಹೇಳಬಹುದಿತ್ತು. ಅವರೇ ಬೇಡವೆಂದಿದ್ದಾರೆ.

ಅಂದಿನಿಂದ ಆ ಕೋಣೆಯ ಪದ್ಧತಿ ಬದಲಾಯಿತು. ಯಾವ ಮಗು ಬಂದರೂ ಮೊದಲು ಗಂಡಸರನ್ನು ಎದುರಿನ ಚಹಾದಂಗಡಿಗೆ ಕಳಿಸಿ, ತಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ, ಎಷ್ಟು ಮಕ್ಕಳನ್ನು ಹೆತ್ತಿರಿ ಎಂದು ಕೇಳುವುದು. ಇರುವವರು, ಹೋದವರು, ಮದುವೆ ಮಾಡಿ ಕೊಟ್ಟವರು ಎಲ್ಲರೂ ಆಗ ಲೆಕ್ಕಕ್ಕೆ ಬರುವರು. ಮೊದಮೊದಲು ಮೀಸೆ ತಿರುವಿ ಗೊಣಗಿದವರುಂಟು. ಅವರನ್ನು ಒಲಿಸಿಕೊಂಡು ಕರೆದೊಯ್ಯುವ ಕೆಲಸವನ್ನು, ಮಗನ ಮಾತ್ರೆಗೆಂದು ಬಂದಾಗಲೆಲ್ಲ, ಯತ್ತಪ್ಪನವರು ತಾವಾಗಿಯೇ ವಹಿಸಿಕೊಂಡರು. ‘ಬರ್ರಿ, ಚಾ ಕುಡಿಯಾನ. ನಮಗೆ ಎಲ್ಲಾ ಗೊತ್ತಿರಾಕಿಲ್ಲ’ ಎನ್ನುವರು, ಅದಕ್ಕಿಂತ ಹೆಚ್ಚೇನೂ ಹೇಳರು. ಆ ಪ್ರಶ್ನೆಯಿಂದಲೇ ಗಂಡನ ಮನೆ ಸೇರಿದ್ದ ಎಷ್ಟೋ ಹೆಣ್ಣುಮಕ್ಕಳು ವೇಳೆಗೆ ಸರಿಯಾಗಿ ಸಿಕ್ಕರು. ಆದರೆ ಅವರಲ್ಲಿ ಒಬ್ಬಳು ಕಡಿಮೆಯೆಂಬುದನ್ನು ಮೇಡಂ ಒಂದು ಗುರುವಾರವೂ ಮರೆಯಲಿಲ್ಲ.

ಬೀಳ್ಕೊಡುಗೆಯ ದಿನ, ಇನ್ನು ಈ ಬಾಗಿಲು ತುಳಿಯುವುದಿಲ್ಲ, ಹೊಸಬರು ನೋಡಿಕೊಳ್ಳಲಿ ಎಂದು ಮೇಡಂ ಬ್ಯಾಗು ಕೈಗೆತ್ತಿಕೊಂಡಿದ್ದರು. ಇಂಥ ಲೇಖನದ ಕೊನೆಗೆ ದೀರ್ಘಾಯುಷ್ಯ ಕೋರುವುದು ವಾಡಿಕೆ. ಅದಕ್ಕೆ ನಾವು ಅಲ್ಲೇ ಕುಳಿತು ಮಾತು ಹುಡುಕುತ್ತಿದ್ದಾಗ, ಮಗನೊಂದಿಗೆ ಬಂದಿದ್ದ ಪಾತಮ್ಮನವರು ಎದ್ದುಬಂದು ಅವರ ಕೈ ಹಿಡಿದುಕೊಂಡರು.

‘ನನ್ನ ಮಗಳು ಬದುಕದೇ ಉಳಿದ ವರ್ಷಾನೂ ನೀವು ಬದುಕ್ರಿ ಡಾಕ್ಟ್ರಮ್ಮ. ಮನೇಲಿ ಕುಂತು ಅಲ್ಲ. ಇಲ್ಲಿ.’

ಮೇಡಂ ಬ್ಯಾಗನ್ನು ಮೇಜಿನ ಮೇಲೆ ಇಟ್ಟು, ‘ಗುರುವಾರ ಬರ್ತೀನಿ ಪಾತಮ್ಮ’ ಎಂದರು.