ಹಿಮಕ್ಕೆ ಹೆದರದ ಅಂಜೂರ

ಬಹ್ರೇನಿನಲ್ಲಿ ಅಂಜೂರ ಬೆಳೆಸಿದ್ದೆ ಅಂದರೆ ಈಗಲೂ ಕೆಲವರು ನಗುತ್ತಾರೆ. ನಗಲಿ. ಎಂಬತ್ತರ ದಶಕದ ಕೊನೆಯ ಮಾತು ಇದು. ಮದುವೆಯಾಗಿ ಹೋದ ಹೊಸತು, ಜಿಂಜ್ ಎಂಬ ಬಡಾವಣೆಯ ಹಳೇ ಮನೆಯೊಂದರ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಮುಂಭಾಗದಲ್ಲಿ ಮನೆಯ ಒಡತಿ, ಅಲ್ಲಿಯವರೇ ಆದ ಅರಬ್ ಅಜ್ಜಿ. ನಡುವೆ ಅಂಗೈ ಅಗಲದ ಹಿತ್ತಲು.

ಪಕ್ಕದ ಮನೆಯ ನರ್ಸ್ ಬಾಯಿ ನನಗೊಂದು ಅಂಜೂರದ ಕಡ್ಡಿ ಕೊಟ್ಟರು. ಅವರ ಜೊತೆ ಕೆಲಸ ಮಾಡುವವರೊಬ್ಬರು ತಮ್ಮ ಬೆಟ್ಟದೂರಿನಿಂದ ತಂದದ್ದಂತೆ. ಹಿಮ ಬಿದ್ದರೂ ಸಾಯದ ತಳಿಯಂತೆ.

ನನ್ನ ಗಂಡ ಎಸಿ ಮೆಕ್ಯಾನಿಕ್. ಕಡ್ಡಿ ನೋಡಿ, "ಇಲ್ಲಿ ಹಿಮ ಎಲ್ಲುಂಟು ಮಾರಾಯ್ತಿ? ಫ್ರಿಜ್ಜಿನೊಳಗೆ ನೆಡು," ಎಂದರು.

ಹಿತ್ತಲಲ್ಲೇ ನೆಟ್ಟೆ. ನಲ್ಲಿಯ ನೀರು ಬಾಯಿಗಿಟ್ಟರೆ ಉಪ್ಪುಪ್ಪು. ಹಾಗಾಗಿ ಎಸಿಯ ಅಡಿಗೆ ಬಕೆಟ್ ಇಟ್ಟು, ಹನಿಹನಿಯಾಗಿ ತುಂಬಿದ ನೀರನ್ನೇ ಹಾಕಿದೆ. ಗಿಡ ಸೊಂಟದೆತ್ತರ ಬಂತು. ಆದರೂ ಎಲೆಯ ಅಂಚು ಸುಟ್ಟ ಹಾಗೆ ಕರಕಲಾಗುತ್ತಿತ್ತು. ಯಾಕೆಂದು ಹೊಳೆಯಲಿಲ್ಲ.

ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಬರೀ ಕೋಲು ಉಳಿಯಿತು. ಅದೇ ಹೊತ್ತಿಗೆ ಅಜ್ಜಿಗೆ ಆ ಮೂಲೆಯಲ್ಲಿ ನೀರಿನ ಟ್ಯಾಂಕ್ ಇಡಿಸಬೇಕಾಯಿತು. ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು.

"ಜೀವ ಇದ್ದರೆ ಮುಟ್ಟುವುದಿಲ್ಲ ಬೇಟಿ, ಹಣ್ಣಿನ ಮರ ಕಡಿಯುವ ಅಭ್ಯಾಸ ನಮಗಿಲ್ಲ. ಇದು ಸತ್ತಿದೆ. ಶುಕ್ರವಾರದ ಜುಮ್ಮಾ ಕಳೆದ ಮೇಲೆ ಕೆಲಸದವರು ಬರುತ್ತಾರೆ."

"ಸತ್ತದ್ದಕ್ಕೆ ಜಗಳ ಎಂತಕ್ಕೆ? ಬಿಡು," ಎಂದರು ಗಂಡ.

"ನೀವು ಸುಮ್ನಿರಿ. ಹಿಮದಲ್ಲಿ ಬದುಕಿದ್ದು ಈ ಚಳಿಗೆ ಸಾಯ್ತದಾ?"

ಗಿಡಕ್ಕೆ ಬಲ ಬರಲೆಂದು ಮೀನು ತೊಳೆದ ನೀರು ತಂದು ಬುಡಕ್ಕೆ ಸುರಿದೆ. ಊರಲ್ಲಿ ಮಲ್ಲಿಗೆಗೂ ಬಸಳೆಗೂ ಹಾಕುವುದೇ ಅದು, ಇಲ್ಲಿಯೂ ಮೊದಲಿನಿಂದ ಹಾಕುತ್ತಿದ್ದೆ. ಅಂದು ಅಜ್ಜಿ ನೋಡಿಬಿಟ್ಟರು.

"ಮೀನು ಏನು ಹಾಕಿ ತೊಳೆದೆ?"

"ಉಪ್ಪು. ಲೋಳೆ ಹೋಗಬೇಕಲ್ಲ."

ಅಜ್ಜಿ ಎಸಿ ಬಕೆಟ್ಟನ್ನೂ ಮೀನಿನ ಪಾತ್ರೆಯನ್ನೂ ನೋಡಿ, ಅಬಾಯಾದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಒಂದು ಕೈಯಲ್ಲಿ ಉಪ್ಪು ತಡೆಯುತ್ತೀಯ, ಇನ್ನೊಂದು ಕೈಯಲ್ಲಿ ಉಣಿಸುತ್ತೀಯ."

ನನಗೆ ನಗು ಬರಲಿಲ್ಲ. ಬುಡದ ಮೇಲ್ಮಣ್ಣು ಕೆರೆದು ಹೊರಗೆ ಹಾಕಿದೆ. ಕುಡಿಯಲು ತರಿಸಿಟ್ಟ ಸಿಹಿನೀರನ್ನು ಕೊಡಗಟ್ಟಲೆ ಹೊಯ್ದೆ. ಚಹಾಕ್ಕೂ ನೀರಿಲ್ಲವೆಂದು ಗಂಡ ಗೊಣಗಿದರು.

"ಒಂದು ದಿನ ಚಹಾ ಇಲ್ಲದಿದ್ರೆ ನೀವು ಸಾಯುದಿಲ್ಲ. ಅದು ಸಾಯ್ತದೆ."

ಕೆಲಸದವರು ಗುದ್ದಲಿ ಹಿಡಿದು ಬಂದಾಗ ಗಿಡಕ್ಕೆ ಅಡ್ಡ ನಿಂತೆ. ಅಜ್ಜಿಯನ್ನು ಕರೆದು, ಅವರೆದುರೇ ಉಗುರಿನಿಂದ ತೊಗಟೆ ಕೆರೆದೆ. ತುದಿ ಒಣಗಿ ಕಂದಾಗಿತ್ತು. ನಡುವೆಯೂ ಕಂದು. ಗಂಡ ಮುಖ ತಿರುಗಿಸಿಕೊಂಡರು. ನಾನು ಕುಕ್ಕರುಗಾಲಲ್ಲಿ ಕೂತು ಬುಡದ ಹತ್ತಿರ ಕೆರೆದೆ. ಅಲ್ಲಿ ಹಸಿರಿತ್ತು. ಸ್ವಲ್ಪ ಹೊತ್ತಿಗೆ ಬಿಳಿ ಹಾಲಿನ ಒಂದು ಹನಿ ಕೂಡಿತು.

ಅಜ್ಜಿ ಬಾಗಿ ಅದನ್ನು ಬೆರಳಿಂದ ಮುಟ್ಟಿ ನೋಡಿದರು. ಗುದ್ದಲಿ ಇಳಿಸುವಂತೆ ಕೆಲಸದವರಿಗೆ ಸನ್ನೆ ಮಾಡಿದರು.

"ಹಾಗಾದರೆ ಟ್ಯಾಂಕಿಗೆ ಉಳಿದದ್ದು ನಿನ್ನ ಅಡುಗೆಮನೆ ಕಿಟಕಿಯ ಎದುರು ಮಾತ್ರ. ಒಳಗೆ ಕತ್ತಲಾಗುತ್ತದೆ. ಆಮೇಲೆ ದೂರು ತರಬೇಡ."

"ತರುವುದಿಲ್ಲ. ಇಡಿಸಿ."

ಆ ಮನೆ ಬಿಡುವವರೆಗೂ ಹಾಡುಹಗಲಲ್ಲಿ ಲೈಟು ಹಾಕಿಕೊಂಡೇ ಅಡುಗೆ ಮಾಡಿದೆ. ದೂರು ಹೇಳಲಿಲ್ಲ.