ಓವನ್ ಪಕ್ಕದ ಹುರುಳಿಕಾಳು

ಬೆಳ್ಳುಳ್ಳಿ, ಖಾರದ ಪುಡಿ ಹುರಿದ ಘಾಟು ಮೂಗಿಗೆ ಬಡಿದರೆ ಸಾಕು, ನಮ್ಮ ನೆಂಟರು ಒಂದೇ ಕತೆ ತೆಗೆಯುತ್ತಾರೆ: ‘ನಿಮ್ಮಮ್ಮ ಫ್ಯಾಕ್ಟ್ರಿಯಿಂದ ಬಂದು ಅರ್ಧ ಗಂಟೇಲಿ ಮೊಳಕೆ ಹುರುಳಿಸಾರು, ಮುದ್ದೆ ಇಳಿಸೋಳು. ಎಂಥಾ ಕೈ!’ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದಿಷ್ಟೇ: ಎಲ್ಲರೂ ತಲೆಯಾಡಿಸುವ ಮಾತನ್ನು ಮೊದಲು ಹಿಡಿದು ಅಲ್ಲಾಡಿಸಬೇಕು. ಅರ್ಧ ಗಂಟೆಯಂತೆ! ಕಾಳು ತಾನಾಗಿ ಮೊಳೆಯಿತೇ?

ತೊಂಬತ್ತರ ದಶಕದ ನಡುವಿನ ಮಾತು. ಕಾಡುಗೋಡಿಯಲ್ಲಿ ನಮ್ಮದು ಹೆಂಚಿನ ಎರಡು ಕೋಣೆ. ಈಗ ಅಲ್ಲಿ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ. ಅಮ್ಮ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ದಿನಗೂಲಿಗೆ ಟ್ರಾನ್ಸ್‌ಫಾರ್ಮರಿನ ತಂತಿ ಸುತ್ತುತ್ತಿದ್ದಳು. ನಮ್ಮ ಜೊತೆಗೇ ಇದ್ದ ಚಿಕ್ಕಪ್ಪ ಅಲ್ಲೇ ಸ್ಟೋರಿನಲ್ಲಿ ಖಾಯಂ ನೌಕರ. ಚಳಿಗಾಲದಲ್ಲಿ ನಮ್ಮ ತಣ್ಣನೆಯ ಮನೆಯಲ್ಲಿ ಕಾಳು ಬೇಗ ಮೊಳೆಯುತ್ತಿರಲಿಲ್ಲ. ಚಿಕ್ಕಪ್ಪನಿಗೋ ಮೊಳಕೆಯಿಲ್ಲದ ಸಾರು ಗಂಟಲಿಗಿಳಿಯುತ್ತಿರಲಿಲ್ಲ. ‘ಅತ್ತಿಗೆ, ತಂತಿ ಸುರುಳಿಗೆ ಬಳಿದ ವಾರ್ನಿಷ್ ಒಣಗಿಸೋ ಓವನ್ ಪಕ್ಕ ಇಟ್ಬಿಡಿ. ಸಂಜೆಗೆ ಬಾಲ ಬಂದಿರ್ತದೆ,’ ಎಂದು ಜಾಗ ತೋರಿಸಿದವನು ಅವನೇ. ಅಂದಿನಿಂದ ನೆನೆದ ಕಾಳಿನ ಗಂಟು ಅಮ್ಮನ ಊಟದ ಡಬ್ಬಿಯೊಂದಿಗೆ ಕಂಪನಿ ಬಸ್ಸು ಹತ್ತಿತು. ಸಂಜೆ ಅದನ್ನು ಬಿಚ್ಚಿದಾಗ ಎದ್ದುಬರುತ್ತಿದ್ದ ಎಳೆ ಬೇರಿನ ವಾಸನೆ, ಅದರೊಳಗೆ ವಾರ್ನಿಷಿನ ಸಣ್ಣ ಕಮಟು, ಆಮೇಲೆ ಕುಕ್ಕರಿನ ಮೂರು ಕೂಗು, ಮುದ್ದೆ ತಿರುವುವ ಅಮ್ಮನ ಬಳೆಸದ್ದು. ಇದಕ್ಕಿಂತ ದೊಡ್ಡ ಸಂಜೆ ನನಗೆ ಬೇಕಿರಲಿಲ್ಲ.

ಮುಂದಿನದನ್ನು ಅಮ್ಮ ಎಷ್ಟೋ ವರ್ಷದ ಮೇಲೆ ನನಗೊಬ್ಬಳಿಗೇ ಹೇಳಿದಳು. ಒಂದು ದಿನ ಸೂಪರ್‌ವೈಸರ್ ಆ ಗಂಟನ್ನು ಎಲ್ಲರೆದುರು ಎತ್ತಿ ಹಿಡಿದನಂತೆ. ‘ಯಾರದಮ್ಮಾ ಇದು? ಇದೇನು ಫ್ಯಾಕ್ಟ್ರಿನಾ, ಅಡುಗೆಮನೆನಾ?’ ಚಿಕ್ಕಪ್ಪ ಸ್ಟೋರಿನ ಬಾಗಿಲಲ್ಲೇ ನಿಂತಿದ್ದ. ಅಮ್ಮ ಕೈಯೆತ್ತಿದಳು: ‘ನಂದೇ ಸಾರ್.’ ‘ಹಂಗಾದ್ರೆ ನಾಳೆಯಿಂದ ಮನೇಲೇ ಮೊಳಕೆ ಕಟ್ಟು. ಬರ್ಬೇಡ.’ ಚಿಕ್ಕಪ್ಪ ಒಳಗೆ ಸರಿದ. ಮನೆಗೆ ಬಂದು ಅವಳು ಮೊಳೆಯದ ಕಾಳನ್ನೇ ಬೇಯಿಸಿದಳು. ‘ಅತ್ತಿಗೆ, ಕಾಳು ಗಟ್ಟಿ ಐತಲ್ಲ,’ ಎಂದು ಚಿಕ್ಕಪ್ಪ ಮುಖ ಕಿವಿಚಿದ್ದು, ‘ನಿಂಗೆ ಹಲ್ಲಿದೆಯಲ್ಲಪ್ಪ, ಬಾಯಿ ತಾನೇ ಇಲ್ದಿರೋದು,’ ಎಂದು ಅಮ್ಮ ತಿವಿದದ್ದು ನನ್ನ ಕಿವಿಯಲ್ಲೇ ಇದೆ. ಏನೂ ತಿಳಿಯದೆ ನಾನು ನಕ್ಕಿದ್ದೆ. ಅವಳು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಬೆಳಗಿನ ಕಂಪನಿ ಬಸ್ಸಿನ ಹಾರ್ನಿಗೆ ಮಾತ್ರ ಬಹಳ ದಿನ ಚಪ್ಪಲಿ ಹುಡುಕುತ್ತಿದ್ದಳು.

ಅಮ್ಮನ ತಿಥಿಯ ಊಟಕ್ಕೆ ಕೂತಿದ್ದ ಚಿಕ್ಕಪ್ಪನನ್ನು ಕೊನೆಗೂ ಕೇಳಿಯೇಬಿಟ್ಟೆ:

‘ಅವಳದು ದಿನಗೂಲಿ, ನಿಂದು ಖಾಯಂ ಕೆಲಸ. ಜಾಗ ತೋರ್ಸಿದ್ದು ನಾನು ಅನ್ನೋಕೆ ನಿಂಗೆ ಯಾರ ಭಯ ಇತ್ತು, ಚಿಕ್ಕಪ್ಪ?’