ಬೇಟೆಗಾರನಿಗೊಂದು ಪಂಚಾಂಗ

ಪ್ರಾಣಿಹಿಂಸೆಗೆ ನಾನು ಕಟ್ಟಾ ವಿರೋಧಿ. ಅದಕ್ಕಾಗಿ ಬೆಳಿಗ್ಗೆ ಬೇಗ ಏಳಬೇಕಾಗಿಲ್ಲವಾದ್ದರಿಂದ ನಲವತ್ತು ವರ್ಷ ಸುಲಭವಾಗಿಯೇ ನಿಭಾಯಿಸಿಕೊಂಡು ಬಂದಿದ್ದೆ.

ತೊಡಕು ಶುರುವಾದದ್ದು 2005ರಲ್ಲಿ. ನಾವು ವಲಸೆ ಬಂದು ನೆಲೆಸಿದ್ದ ಮಾರಿಸ್‌ವಿಲ್‌ನ ಸ್ನೇಹಿತರೆಲ್ಲ ಜಮೀನು ಕೊಳ್ಳುತ್ತಿದ್ದಾರೆಂದು ನಾನೂ ಒಂದು ಗಂಟೆ ದೂರದಲ್ಲಿ ಇಪ್ಪತ್ತು ಎಕರೆ ಕಾಡು ಕೊಂಡೆ. ಕಾಡಿನ ಜೊತೆಗೆ ಜಿಂಕೆಗಳೂ, ಪಕ್ಕದ ಮನೆಯ ಎರ್ಲ್ ಎಂಬ ಪ್ಲಂಬರನೂ ಬಂದರು. ಹಳೆಯ ಮಾಲೀಕರ ಕಾಲದಿಂದ ಅಲ್ಲಿ ಬೇಟೆಯಾಡುತ್ತಿದ್ದ ಎರ್ಲ್ ನನ್ನ ಒಪ್ಪಿಗೆ ಪತ್ರ ಕೇಳಿದ. ಕೊಲ್ಲುವುದು ಎನ್ನಲಿಲ್ಲ, ಬೆಳೆ ಕೊಯ್ಯುವವರಂತೆ ‘ಹಾರ್ವೆಸ್ಟ್’ ಎಂದ. ಎಳೆಯ ಗಂಡುಗಳನ್ನು ಬಿಟ್ಟು, ಹೆಣ್ಣುಗಳಲ್ಲಿ ಕೆಲವನ್ನು ಆರಿಸಿ ತೆಗೆಯದಿದ್ದರೆ ಚಳಿಗಾಲದ ಕೊನೆಗೆ ಮೇವು ಸಾಲದೆ ಇಡೀ ಹಿಂಡೇ ಸೊರಗುತ್ತದೆ ಎಂದು ವಿವರಿಸಿದ. ನಾನು ಎಲ್ಲ ಅರ್ಥವಾದವನಂತೆ ತಲೆದೂಗಿದೆ.

ಹೆಂಡತಿ ಸುಮಾ ತಲೆದೂಗಲಿಲ್ಲ. “ರೀ, ಜಮೀನಿನ ಡೀಡ್‌ನಲ್ಲಿ ನನ್ನ ಹೆಸರೂ ಇದೆ. ಪಾಪದಲ್ಲಿ ಅರ್ಧ ನಂಗೂ ಬರತ್ತೆ. ಏಕಾದಶಿ ದಿನ ಮಾತ್ರ ಶೂಟ್ ಮಾಡ್ಬೇಡ ಅಂತ ಹೇಳ್ಬಿಡಿ.”

ಹೇಳಿದೆ. ಎರ್ಲ್ ದೈವಭಕ್ತ, ಮರುಮಾತಿಲ್ಲದೆ ಒಪ್ಪಿದ. ಅವನ ವಿನಯ ಕಂಡು ನನ್ನ ಭಕ್ತಿ ಉಕ್ಕಿತು. ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಮಂಗಳವಾರ ಶುಕ್ರವಾರ ದೇವಿಗೆ, ಶನಿವಾರ ತಿಮ್ಮಪ್ಪನಿಗೆ ಎಂದು ಒಂದೊಂದಾಗಿ ಸೇರಿಸುತ್ತ ಹೋದೆ. ಭಾನುವಾರ ಬಂದೂಕು ಎತ್ತಬಾರದೆಂದು ಅಲ್ಲಿನ ರಾಜ್ಯದ ಕಾನೂನೇ ಇತ್ತು. ಉಳಿದ ಬುಧವಾರ, ಹಗಲೆಲ್ಲ ಅವನಿಗೆ ಊರವರ ನಲ್ಲಿ ರಿಪೇರಿ, ಸಂಜೆ ಚರ್ಚಿನಲ್ಲಿ ಪ್ರಾರ್ಥನೆ. ಎರ್ಲ್ ನನ್ನ ಪಟ್ಟಿಯನ್ನು ಫ್ರಿಜ್ ಮೇಲೆ ಅಂಟಿಸಿಕೊಂಡು ಒಂದು ದಿನವೂ ಮೀರಲಿಲ್ಲ. ನಾನು ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ನಿಂತು, ಒಂದು ಕಾಡನ್ನೇ ಉಳಿಸಿದೆನೆಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಫೆಬ್ರವರಿಯಲ್ಲಿ ಎರ್ಲ್ ಬರಹೇಳಿದ. ಬೇಲಿಯ ಬಳಿ ಒಂದು ಹೆಣ್ಣು ಜಿಂಕೆ ಸತ್ತು ಬಿದ್ದಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಸುತ್ತ ಜಿಂಕೆಯ ಬಾಯಿಗೆ ಎಟುಕುವ ಎತ್ತರದವರೆಗೆ ಒಂದು ಹಸಿರೆಲೆಯೂ ಉಳಿದಿರಲಿಲ್ಲ.

“ಇದು ಸತ್ತ ದಿನ ನಿಮ್ಮ ಪಟ್ಟಿಯಲ್ಲಿ ಯಾವ ದೇವರದು, ಸರ್?” ಎಂದ ಎರ್ಲ್.

ಕುಹಕವಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದ.

ಹೊಸ ಪತ್ರ ಬರೆದುಕೊಟ್ಟೆ. ಅದರಲ್ಲಿ ಷರತ್ತು ಒಂದೇ: ನಾನು ನಿಜವಾಗಿ ಉಪವಾಸವಿರುವ ಏಕಾದಶಿಯಂದು ಗುಂಡು ಹಾರಿಸಬಾರದು. ಅಲ್ಲಿಂದೀಚೆಗೆ ಎರಡು ಬೇಟೆಗಾಲ ಕಳೆದಿವೆ. ಸುಮಾ ಕೊಟ್ಟ ಕ್ಯಾಲೆಂಡರ್ ನೋಡಿ ಎರ್ಲ್ ಪ್ರತಿ ಏಕಾದಶಿ ಬೆಳಿಗ್ಗೆ ತಪ್ಪದೆ ಫೋನ್ ಮಾಡುತ್ತಾನೆ. ನಾನು ಬಾಯಲ್ಲಿದ್ದ ಇಡ್ಲಿ ನುಂಗಿಕೊಂಡು, ಹೋಗಿ ಬಾ ಎನ್ನುತ್ತೇನೆ.